ದಪ್ಪದ ಕಾಲಂ

ಚಳ್ಳಕೆರೆಯಿಂದ ಸಮುದ್ರಕ್ಕೆ ಒಂದು ರಾತ್ರಿಯ ಬಸ್ಸು.
ಆದರೂ ಕಾವಲಿನ ಅಂಚಿನ ನಮ್ಮ ತಗಡಿನ ಶೆಡ್ಡಿನಲ್ಲಿ
ನಾಲ್ಕು ಚದರ ಮೀಟರ್ ಸಮುದ್ರವಿದೆ:
ಬೋರಿನ ನೀರು, ಅರ್ಧ ಮೂಟೆ ಉಪ್ಪು,
ಅಲೆಗೆಂದು ಹಳೇ ಕೂಲರಿನ ಫ್ಯಾನು.
ಬೆಳಗ್ಗೆ ಎಂಟಕ್ಕೆ ಸ್ವಿಚ್ಚು ಒತ್ತುವವಳು ನಾನೇ
ಅದರ ವಾಯುದೇವರು.

ಮೇಲಿನಿಂದ ಬಂದ ಚಿತ್ರದಲ್ಲಿ
ಕಡಲ ಮೈಮೇಲೊಂದು ಕಪ್ಪು ಕಲೆ.
ಉದ್ದ ಗೊತ್ತು, ಹನ್ನೊಂದು ಕಿಲೋಮೀಟರ್.
ಅಗಲ ಗೊತ್ತು, ಎರಡೂವರೆ, ಎಲ್ಲೋ ಒಂದು ಕಡೆ ಮೂರು.
ದಪ್ಪದ ಕಾಲಂ ಮಾತ್ರ ಖಾಲಿ.
ತಲೆಗೂದಲಿನಷ್ಟು ಅಂದುಕೊಂಡರೆ ನೂರೈವತ್ತು ಟ್ಯಾಂಕರು,
ಅದರ ನೂರನೇ ಪಾಲಾದರೆ ಒಂದೂವರೆ.
ಹಡಗಿನವನು ಹೇಳುತ್ತಾನೆ,
ಎರಡು ಡ್ರಮ್ಮು ಉರುಳಿತು, ಅಷ್ಟೇ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ
ಎಂದು ಸೋದರತ್ತೆ ನನ್ನನ್ನು ಬೈಯುತ್ತಿದ್ದಳು.
ಮೋಡ ಕವಿದರೆ ಕ್ಯಾಮೆರಾದ ಪಾಡೂ ಅದೇ.
ರೇಡಾರಿಗೆ ರೆಪ್ಪೆಯಿಲ್ಲ.
ಎಣ್ಣೆ ಸವರಿದ ಕಡೆ ಕಿರು ಅಲೆಗಳು ಮಲಗುತ್ತವೆ,
ಮಲಗಿದ ನೀರು ಕಪ್ಪಾಗಿ ಬರುತ್ತದೆ;
ಆದರೆ ಗಾಳಿ ಬೀಸದಿದ್ದರೂ ನೀರು ಮಲಗುತ್ತದಲ್ಲ.
ಎಳೆಯಷ್ಟಿದ್ದರೂ ಬೆರಳಷ್ಟಿದ್ದರೂ
ಅದಕ್ಕೆ ಹೆಚ್ಚುಕಮ್ಮಿ ಒಂದೇ ಕಪ್ಪು.

ಅದಕ್ಕೇ ಈ ತೊಟ್ಟಿ.
ಅರ್ಧ ಮಿಲಿಗಿಂತ ಕಡಿಮೆ ಬಿಟ್ಟರೆ ಬೆಳ್ಳಿಯ ಉಸಿರು.
ನಾಲ್ಕು ಮಿಲಿಗೆ ಪಾರಿವಾಳದ ಕತ್ತು.
ನಲವತ್ತಕ್ಕೆ ಬಣ್ಣ ಸತ್ತು, ಕಾಸಿದ ತಗಡಿನ ಹೊಳಪು.
ಎಂಟುನೂರು ಸುರಿದ ಮೇಲೆ
ಎಣ್ಣೆ ತನ್ನ ನಿಜ ಬಣ್ಣಕ್ಕೆ ಬರುತ್ತದೆ,
ಮೂರನೇ ದಿನದ ನೆಂಟನ ಹಾಗೆ.
ಇನ್ನೂ ದಪ್ಪಕ್ಕೆ ಸೂರಿಗೆ ತೂಗುಹಾಕಿದ ಬೇರೆ ಯಂತ್ರವಿದೆ:
ದಪ್ಪ ಏರಿದಂತೆ ಅದರ ಅಂಕಿ ಏರುತ್ತದೆ,
ಏರಿ ಇಳಿಯುತ್ತದೆ, ಮತ್ತೆ ಏರುತ್ತದೆ.
ಒಂದು ಉತ್ತರ, ಮೂರು ದಪ್ಪ.
ಒಬ್ಬನೇ ಸಾಕ್ಷಿ ಸಾಲದು,
ಇನ್ನೊಂದು ಅಲೆಯುದ್ದವನ್ನೂ ಕರೆಸಿ ಕೇಳಬೇಕು.

ಡ್ರಮ್ಮು ಇಳಿಸಲು ಬಂದ ಚಮನ್‌ಸಾಬರು ಹೋಗದೆ ನಿಂತರು.
ಮೂವತ್ತೊಂದು ವರ್ಷ ಕೊಟ್ರಶೆಟ್ಟರ ಶೇಂಗಾ ಮಿಲ್ಲಿನಲ್ಲಿ ಇದ್ದವರು,
ಡಬ್ಬಿ ವಾರೆ ಮಾಡಿ
ಎಣ್ಣೆ ಗೋಡೆ ಬಿಟ್ಟು ಜಾರುವುದನ್ನು ನೋಡಿಯೇ
ಯಾವ ಕಡೆಯ ಕಾಯಿ ಎನ್ನುತ್ತಿದ್ದರಂತೆ.
ತೊಟ್ಟಿಯ ಮೇಲೆ ಬಗ್ಗಿ, ಮುಟ್ಟದೆ,
“ಮೂಲೇಲಿ ಐತೆ ಕಣಮ್ಮ ಎಲ್ಲ. ಇಲ್ಲಿರೋದು ಬರೇ ನೆಳ್ಳು.”
ಅಳೆದೆ. ಹೌದು.
ಫ್ಯಾನು ನೂಕಿದ ಮೂಲೆಯಲ್ಲಿ ಒಂಬತ್ತು ಪಾಲು,
ಉಳಿದ ಒಂದು ಪಾಲು ಇಡೀ ಸಮುದ್ರಕ್ಕೆ.
ಸರಾಸರಿ ತೆಗೆದರೆ
ಎರಡೂ ಕಡೆ ಸುಳ್ಳು.

“ನಮ್ಮ ಮಿಲ್ಲಿನ ಬಂಡೆ ಅಳೀತೀಯೇನಮ್ಮ?”
ಮಿಲ್ಲು ಈಗ ಸಿಮೆಂಟಿನ ಗೋಡೌನು.
ಯಂತ್ರದ ಬುಡಕ್ಕಿದ್ದ ಆ ಬಂಡೆಯ ಮೇಲೆ
ಇವತ್ತಿಗೂ ನೀರು ಹರಡುವುದಿಲ್ಲವಂತೆ,
ಗುಂಡಗಾಗಿ ಉರುಳುತ್ತದಂತೆ.
ಉಜ್ಜಿದರೆ ಕೈಗೇನೂ ಹತ್ತುವುದಿಲ್ಲ.
“ಇದು ಮೇಲಿರೋದನ್ನ ಅಳೀತದೆ ಚಮನ್‌ಸಾಬ್ರೆ,
ಒಳಗಿಳಿದದ್ದನ್ನಲ್ಲ.”
“ಹಂಗಾರೆ ಅರ್ಧ ಲೆಕ್ಕ,” ಅಂದು ಚಪ್ಪಲಿ ಮೆಟ್ಟಿದರು.

ಸಂಜೆ ಕಾಲಂ ತುಂಬಿದೆ.
ಒಂದು ಅಂಕಿಯ ಜಾಗದಲ್ಲಿ ಎರಡು ಬರೆದೆ,
ಅಂಚಿಗೊಂದು, ಮೂಲೆಗೊಂದು.
ಹಡಗಿನವನ ಎರಡು ಡ್ರಮ್ಮು
ಎರಡಕ್ಕೂ ಸಾಲಲಿಲ್ಲ.
ಫ್ಯಾನು ಆರಿಸಿ, ಸೀಗೆಪುಡಿ ಹಾಕಿ ಕೈ ತೊಳೆದೆ, ಎರಡು ಸಲ.

ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಚೀಟಿಯ ಮೇಲೆ
ಹೆಬ್ಬೆರಳು ಊರಿದಷ್ಟು ಜಾಗ ಕಾಗದ ತೆಳ್ಳಗಾಗಿ
ಹಿಂಬದಿಯ ಜಾಹೀರಾತಿನ ಮೂರು ಅಕ್ಷರ
ತಿರುಗುಮುರುಗಾಗಿ ಓದಲು ಬಂತು.